ನಾಗಿಯ ದಣಿವು

ಇಂದುಧರ ಹಾದಿಮನಿಗೆ ಆಟಗಳು ಸಾಕಾಗಿ ಐದು ವರ್ಷ ಕಳೆದಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆಟಗಳ ವಿಮರ್ಶೆ ಬರೆಯುವುದೇ ಅವನ ಉದ್ಯೋಗವಾಗಿತ್ತು. ಹುಬ್ಬಳ್ಳಿಯ ವಿದ್ಯಾನಗರದ ಬಾಡಿಗೆ ಮನೆಯಲ್ಲಿ ಕುಳಿತು ಒಂದು ಕನ್ನಡ ಅಂತರಜಾಲ ಪತ್ರಿಕೆಗೆ ಹತ್ತೊಂಬತ್ತು ವರ್ಷಗಳಿಂದ ವಾರಕ್ಕೊಂದರಂತೆ ಬರೆದಿದ್ದ. ಓಡುವ ಆಟ, ಗುಂಡು ಹಾರಿಸುವ ಆಟ, ಊರು ಕಟ್ಟುವ ಆಟ, ಯಾವುದನ್ನು ಕೈಗೆತ್ತಿಕೊಂಡರೂ ಹತ್ತು ನಿಮಿಷದಲ್ಲಿ ಅದರ ಕೊನೆ ಕಾಣಿಸಿಬಿಡುತ್ತಿತ್ತು. ಬಲಗೈ ಹೆಬ್ಬೆರಳಿನ ಬುಡದಲ್ಲಿ ಸದಾ ಸಣ್ಣ ನೋವು. ಬೇರೆ ಕೆಲಸ ಹುಡುಕುವ ವಯಸ್ಸು ದಾಟಿತ್ತು, ಇದನ್ನೇ ಪ್ರೀತಿಸುವ ವಯಸ್ಸೂ ದಾಟಿತ್ತು.

2036ರ ಜನವರಿಯಲ್ಲಿ ಅವನಿಗೆ ವಿಮರ್ಶೆಗೆಂದು ‘ಮುಷ್ಟಿ’ ಬಂತು. ಊಟದ ಡಬ್ಬಿಯಷ್ಟು ಅಗಲದ ಪರದೆ, ಎರಡು ಬದಿಗೆ ಎರಡು ಹಿಡಿಕೆ, ಮೊಣಕೈವರೆಗೆ ಏರಿಸಿಕೊಳ್ಳುವ ಎರಡು ಬಟ್ಟೆಯ ಪಟ್ಟಿಗಳು. ಅದರೊಳಗೆ ಒಂದೇ ಆಟ, ‘ಕವಚ ಹನ್ನೊಂದು’. ಅದೇ ಹೆಸರಿನ ಜಪಾನಿ ಅನಿಮೆ ಸರಣಿ ಕನ್ನಡಕ್ಕೆ ಡಬ್ ಆಗಿ ಮೂರು ವರ್ಷದಿಂದ ಮನೆಮನೆಯಲ್ಲೂ ಓಡುತ್ತಿತ್ತು. ಏರುತ್ತಿರುವ ಕಡಲನ್ನು ನಗರದ ಗೋಡೆಯಾಚೆ ತಡೆದು ನಿಲ್ಲಿಸುವ ಹನ್ನೊಂದು ದೈತ್ಯ ಯಂತ್ರಮಾನವರು, ಅವುಗಳ ಎದೆಗೂಡಿನಲ್ಲಿ ಕೂತು ನಡೆಸುವ ಹನ್ನೊಂದು ಚಾಲಕರು. ಅನಿಮೆ ನೋಡಿದವರು ಆ ಯಂತ್ರಗಳನ್ನು ತಾವೇ ನಡೆಸಬೇಕೆಂದು ಆಸೆಪಟ್ಟಿದ್ದರು. ಈಗ ಅದು ಕೈಗೆ ಬರಲಿತ್ತು.

ಮುಷ್ಟಿಯ ವಿಶೇಷ ಬೇರೆಯೇ ಇತ್ತು. ಅದು ದಣಿವನ್ನು ಹಿಡಿದಿಟ್ಟು ಮತ್ತೆ ಕೊಡುತ್ತಿತ್ತು. ಕೆಲಸ ಮಾಡುವವರ ತೋಳಿಗೆ ಪಟ್ಟಿ ಕಟ್ಟಿದರೆ ಸ್ನಾಯುಗಳು ಹೊರಸೂಸುವ ಅತಿ ಸಣ್ಣ ವಿದ್ಯುತ್ತು ದಾಖಲಾಗುತ್ತದೆ. ಮುಂಜಾನೆಯ ತೋಳಿನದು ಒಂದು ಬಗೆ, ಮಧ್ಯಾಹ್ನದ ತೋಳಿನದು ಇನ್ನೊಂದು. ಆ ದಾಖಲೆಯನ್ನು ಸಣ್ಣ ಮಿಡಿತಗಳಾಗಿ ಮತ್ತೊಬ್ಬರ ತೋಳಿಗೆ ಕೊಟ್ಟರೆ, ಶಕ್ತಿ ಇದ್ದೂ ಇಲ್ಲವೆಂಬ ಸುದ್ದಿ ಮೆದುಳಿಗೆ ಹೋಗುತ್ತದೆ. ಕುರ್ಚಿಯಲ್ಲಿ ಕೂತವನ ಕೈ ಇಡೀ ದಿನ ಕಲ್ಲು ಹೊತ್ತಂತೆ ಜೋತುಬೀಳುತ್ತದೆ. ಪಟ್ಟಿ ಕಳಚಿದರೆ ಏನೂ ಇಲ್ಲ. ಕಂಪನಿ ಇದಕ್ಕೆ ‘ಮರುದಣಿವು’ ಎಂದು ಹೆಸರಿಟ್ಟಿತ್ತು.

ಬಿಡುಗಡೆಗೆ ಹದಿನೈದು ದಿನ ಬಾಕಿ ಇತ್ತು. ಇಂದುಧರ ಆಡತೊಡಗಿದ. ಮೊದಲ ಚಾಲಕನ ದಣಿವು ಭುಜದಿಂದ ಮೆಲ್ಲನೆ ಇಳಿಯುತ್ತಿತ್ತು. ಯಂತ್ರವನ್ನು ನಿಲ್ಲಿಸಿ ಸುಧಾರಿಸಿಕೊಂಡರೂ ಪೂರ್ತಿ ಹೋಗುತ್ತಿರಲಿಲ್ಲ. ಎರಡನೆಯವನದು ಬೆರಳುಗಳಲ್ಲಿ. ಮೂರನೆಯವನದು ಮುಂಗೈಯಲ್ಲಿ ಉರಿಯುತ್ತಿತ್ತು. ಎಷ್ಟೋ ವರ್ಷಗಳ ನಂತರ ಅವನಿಗೆ ಒಂದು ಆಟ ಹೊಸದೆನಿಸಿತು.

ನಾಲ್ಕನೆಯ ಚಾಲಕಿಯ ಹೆಸರು ನಾಗಿ. ಗೋಡೆಯ ದೊಡ್ಡ ಬಾಗಿಲುಗಳನ್ನು ಎತ್ತಿಳಿಸುವುದು ಅವಳ ಕೆಲಸ. ಇಲ್ಲಿ ಮಾತ್ರ ಆಟ ಹಳಿ ತಪ್ಪಿದಂತೆ ಅವನಿಗೆ ತೋರಿತು. ಮೊದಲ ಬಾಗಿಲನ್ನು ನಾಗಿ ಹೂವಿನಂತೆ ಎತ್ತುತ್ತಿದ್ದಳು. ಐದನೆಯದಕ್ಕೆ ತೋಳು ಅರ್ಧಕ್ಕೆ ನಿಲ್ಲುತ್ತಿತ್ತು. ಎಂಟನೆಯದಕ್ಕೆ ಏಳುತ್ತಲೇ ಇರಲಿಲ್ಲ. ಅರ್ಧ ನಿಮಿಷ ಸುಮ್ಮನಿದ್ದರೆ ಶಕ್ತಿಯೆಲ್ಲ ಮರಳಿ ಬರುತ್ತಿತ್ತು, ಮತ್ತೆ ಐದನೆಯದಕ್ಕೆ ಕೈಕೊಡುತ್ತಿತ್ತು. ಹಿಂದಿನಿಂದ ದಳಪತಿ ರೇಡಿಯೋದಲ್ಲಿ ಕೂಗುತ್ತಿದ್ದ, “ನಾಗಿ, ಏಳು! ನಿನ್ನ ಒಬ್ಬಳಿಂದ ಊರು ಮುಳುಗುತ್ತದೆ!”

ಇಂದುಧರ ಕರಡು ಬರೆದ: “ಮೊದಲ ಮೂವರ ದಣಿವು ಎಷ್ಟು ಸಹಜವೋ ನಾಗಿಯದು ಅಷ್ಟೇ ಕೃತಕ. ಇಂಥ ದಣಿವು ಮನುಷ್ಯರಿಗೆ ಇರುವುದಿಲ್ಲ. ಆಟಗಾರರನ್ನು ಸತಾಯಿಸಲು ತಂತ್ರಜ್ಞರು ಕಟ್ಟಿದ ಲೆಕ್ಕ ಇದು.”

ಸಂಜೆ ಆರೂವರೆಗೆ ಹೆಂಡತಿ ಸರ್ವಮಂಗಳಾ ಬಂದಳು. ಅವಳು ಖಾಸಗಿ ಆಸ್ಪತ್ರೆಯೊಂದರಲ್ಲಿ ನರಗಳ ಪರೀಕ್ಷೆ ಮಾಡುವ ಕೋಣೆಯಲ್ಲಿ ತಂತ್ರಜ್ಞೆ. ಐದು ಜಿಲ್ಲೆಗಳಿಂದ ಬರುವ ರೋಗಿಗಳಿಗೆ ಅಲ್ಲಿದ್ದದ್ದು ಒಂದೇ ಯಂತ್ರ, ಅದರ ಮುಂದೆ ಕೂರುವವಳು ಇವಳೊಬ್ಬಳೇ. ಚಪ್ಪಲಿ ಬಿಟ್ಟವಳೇ ಕುರ್ಚಿಯಲ್ಲಿ ಕುಸಿದಳು.

“ಊಟಕ್ಕ ಏನ್ ಮಾಡೂಣು?” ಅಂದ ಇಂದುಧರ.

“ಏನರ ಮಾಡ್ರಿ. ನನ್ನ ಮಾತ್ರ ಏಳಸಬ್ಯಾಡ್ರಿ.”

ಅವನು ಒಲೆಯ ಮೇಲೆ ಅನ್ನಕ್ಕಿಟ್ಟು ಬಂದು ಮುಷ್ಟಿಯನ್ನು ಅವಳ ಮಡಿಲಲ್ಲಿಟ್ಟ. “ಒಂದ್ ನಿಮಿಷ ಹಿಡಿ. ಎಷ್ಟ್ ಕೆಟ್ಟದಾಗಿ ಮಾಡ್ಯಾರ ನೋಡು.”

ಅವಳಿಗೆ ಆಟಗಳ ಗೊಡವೆ ಇರಲಿಲ್ಲ. ಗಂಡನ ಮಾತಿಗಾಗಿ ಪಟ್ಟಿ ಏರಿಸಿಕೊಂಡು ಬಾಗಿಲು ಎತ್ತಿದಳು. ಒಂದು, ಎರಡು, ಮೂರು. ಐದನೆಯದಕ್ಕೆ ಅವಳ ಮುಖ ಬದಲಾಯಿತು. ಕುರ್ಚಿಯಲ್ಲಿ ನೆಟ್ಟಗಾದಳು. ಅರ್ಧ ನಿಮಿಷ ಗಡಿಯಾರ ನೋಡಿದಳು. ಮತ್ತೆ ಎತ್ತಿದಳು, ಮತ್ತೆ ಎಣಿಸಿದಳು. ಕುಕ್ಕರ್ ಎರಡು ಸೀಟಿ ಹಾಕಿತು. ಅವಳು ಬಿಡಲಿಲ್ಲ.

“ಇದು ದಣಿವಲ್ರೀ,” ಅಂದಳು ಕೊನೆಗೆ.

“ಮತ್ತೇನು?”

“ಜಡ್ಡು. ದಿನಾ ಪರದೆ ಮ್ಯಾಲೆ ಇದನ್ನ ನೋಡ್ತೀನಿ. ಮೊದಲನೇ ಅಲೆ ಎತ್ತರ, ಎರಡನೇದು ಗಿಡ್ಡ, ಮೂರನೇದು ಇನ್ನೂ ಗಿಡ್ಡ. ಸ್ವಲ್ಪ ಬಿಟ್ರ ಮತ್ತ ಎತ್ತರ. ಆದ್ರ ಕೈಯಾಗ ಹಿಡದದ್ದು ಇವತ್ತ ಮೊದಲು.” ಪಟ್ಟಿ ಕಳಚಿ ತನ್ನ ತೋಳನ್ನು ತಿಕ್ಕಿಕೊಂಡಳು. “ನರ ಹೇಳಿದ್ದು ಸ್ನಾಯುಗೆ ಮುಟ್ಟಂಗಿಲ್ಲ. ನಮ್ಮ ಮೈಯಾಗಿನ ರಕ್ಷಣಾ ಪಡೆನ ನಡುವ ನಿಂತು ತಡೀತದ. ಬರೇ ಕೈಗೆ ಆದ್ರ ನಡೀತದ್ರಿ. ಮುಂದ ಕಣ್ಣರೆಪ್ಪಿ ಬೀಳ್ತಾವು, ನುಂಗಾಕ ಬರಂಗಿಲ್ಲ. ಆಮ್ಯಾಲೆ ಉಸಿರು. ಈ ಕೈ ಯಾರದು?”

“ಆಟದಾಗಿನ ಹುಡುಗಿ…”

“ಆಟದಾಕಿ ಅಲ್ರೀ. ಇದನ್ನ ಯಾರ ಕೈಯಿಂದ ತಗೊಂಡಾರ? ಆಕಿಗೆ ಗೊತ್ತೈತೇನು?”

ಆ ರಾತ್ರಿಯ ಅನ್ನ ತಳ ಹಿಡಿದಿತ್ತು. ಇಬ್ಬರೂ ಅದನ್ನೇ ಉಂಡರು. ಮಲಗುವ ಮೊದಲು ಅವನು ಕರಡಿನಲ್ಲಿದ್ದ ನಾಗಿಯ ಭಾಗವನ್ನೆಲ್ಲ ಅಳಿಸಿದ.

ಕಂಪನಿಗೆ ಬರೆದ ಪತ್ರಕ್ಕೆ ಎರಡು ಸಾಲಿನ ಉತ್ತರ ಬಂತು: ದಾಖಲೆಗಳು ಅನಾಮಧೇಯ, ವಿವರ ಕೊಡಲಾಗದು. ಆದರೆ ದಾಖಲೆಗಳನ್ನು ಮಾಡಿದ ಪ್ರಯೋಗಾಲಯ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೇ ಇದೆಯೆಂದು ಆಟದ ಕೃತಜ್ಞತೆಯ ಪಟ್ಟಿಯಲ್ಲಿತ್ತು. ಮರುದಿನ ಅವನು ಅಲ್ಲಿಗೆ ಹೋದ.

ಹಳೆಯ ಗೋದಾಮೊಂದರಲ್ಲಿ ಪ್ರಯೋಗಾಲಯ. ಉದ್ದ ಮೇಜಿನ ಮೇಲೆ ನೂರಾರು ತೋಳಪಟ್ಟಿಗಳು ಒಣಗಿದ ಹಾವಿನ ಪೊರೆಯಂತೆ ಬಿದ್ದಿದ್ದವು. ನಿವೇದಿತಾ ಪೈ ಎಂಬ ಎಂಜಿನಿಯರ್ ಅವನನ್ನು ಕೂರಿಸಿದಳು. ಮಂಗಳೂರಿನವಳು, ಮೂವತ್ತರ ಒಳಗಿನವಳು. ಹದಿನಾಲ್ಕು ತಿಂಗಳಿಂದ ಭಾನುವಾರ ಕಂಡಿಲ್ಲವೆಂದು ಅವಳ ಕಣ್ಣ ಕೆಳಗಿನ ಕಪ್ಪೇ ಹೇಳುತ್ತಿತ್ತು.

“ನಾಗಿಯದು ನಮ್ಮ ಇಪ್ಪತ್ತೇಳನೇ ದಾಖಲೆ,” ಅಂದಳು. “ಆಡಿ ನೋಡಿದವರಿಗೆಲ್ಲ ಅವಳೇ ಹೆಚ್ಚು ಇಷ್ಟ ಆದದ್ದು ಸರ್. ಒಬ್ಬ ಹುಡುಗ ಅತ್ತುಬಿಟ್ಟ. ಅದಕ್ಕೇ ಅವಳನ್ನು ಇಟ್ಟುಕೊಂಡೆವು.”

“ಆ ಇಪ್ಪತ್ತೇಳನೆಯವರು ಯಾರ್ರೀ?”

“ಹೆಸರುಗಳನ್ನು ನಾವೇ ಅಳಿಸಿದ್ದೇವೆ. ಅದು ನಿಯಮ. ಅವರಿಗೇ ಒಳ್ಳೆಯದಾಗಲಿ ಅಂತ ಮಾಡಿದ ನಿಯಮ.”

ಇಂದುಧರ ಹೆಂಡತಿ ಹೇಳಿದ್ದನ್ನೆಲ್ಲ ಹೇಳಿದ. ನಿವೇದಿತಾ ಪರದೆಯ ಮೇಲೆ ಇಪ್ಪತ್ತೇಳನೆಯ ಅಲೆಗಳನ್ನು ತೆರೆದಳು. ಎತ್ತರ, ಗಿಡ್ಡ, ಇನ್ನೂ ಗಿಡ್ಡ. ಬಹಳ ಹೊತ್ತು ನೋಡಿದಳು. “ಬೇಡದ ಅಲೆಗಳನ್ನೆಲ್ಲ ತೆಗೆದು ಇದನ್ನು ಶುದ್ಧ ಮಾಡಿದ್ದು ನಾನೇ ಸರ್. ಎಷ್ಟು ಚಂದ ಇಳಿಯುತ್ತದೆ ಅಂದುಕೊಂಡಿದ್ದೆ.” ಅಲೆಗಳನ್ನು ಮುಚ್ಚಿ, “ಯಾವ ಕೆಲಸದವರು ಅನ್ನುವುದನ್ನೂ ಹೇಳುವ ಹಾಗಿಲ್ಲ. ಸಹಿ ಹಾಕಿದ್ದೇನೆ,” ಅಂದಳು. ಅವನು ಬರಿಗೈಯಲ್ಲಿ ಮರಳಿದ.

ಆ ಸಂಜೆ ಅವನು ಮುಷ್ಟಿ ಇಲ್ಲದೆಯೇ ಕೈಯಾಡಿಸುತ್ತ ಕೂತಿದ್ದ. ಎಷ್ಟೋ ಗಂಟೆ ನಾಗಿಯನ್ನು ಆಡಿದ್ದರಿಂದ ಪಟ್ಟಿಯ ಮಿಡಿತಗಳಲ್ಲಿ ಉಳಿದಿದ್ದ ಮೂಲ ಕೆಲಸದ ಚಲನೆ ಅವನ ತೋಳಿಗೆ ಹತ್ತಿತ್ತು. ಬಾಗಿಲು ಎತ್ತುವ ನೆಪದ ಕೆಳಗೆ ಬೇರೊಂದು ತಾಳವಿತ್ತು. ಎರಡೂ ಕೈ ಅಗಲ, ಒಂದು ಜಗ್ಗು, ಕೈಗಳು ಒಟ್ಟಿಗೆ, ಮತ್ತೆ ಅಗಲ, ಒಟ್ಟಿಗೆ, ಕೊನೆಗೆ ಅಂಗೈಯಿಂದ ಒಂದು ತಟ್ಟು.

ಸರ್ವಮಂಗಳಾ ಹಗ್ಗದಿಂದ ತೆಗೆದ ಬಟ್ಟೆಗಳನ್ನು ಮಂಚದ ಮೇಲೆ ರಾಶಿ ಹಾಕಿ ಅವನನ್ನು ನೋಡುತ್ತಿದ್ದಳು. ರಾಶಿಯಿಂದ ಒಂದು ಚಾದರ ಎಳೆದು ಅವನ ಕೈಗಿಟ್ಟಳು. “ಈಗ ಮಾಡ್ರಿ.”

ಅವನು ಮಾಡಿದ. ಚಾದರ ಒಪ್ಪವಾಗಿ ಮಡಚಿಕೊಂಡಿತು.

ಇಬ್ಬರೂ ಆ ಮಡಿಕೆಯನ್ನೇ ನೋಡುತ್ತ ನಿಂತರು. ಇಂದುಧರ ನಿವೇದಿತಾಗೆ ಫೋನ್ ಮಾಡಿದ. “ಚಾದರ ಮಡಚೋ ಕೆಲಸ. ದೊಡ್ಡ ಲಾಂಡ್ರಿ. ರೈಲಿನ ಹಾಸಿಗಿ ಬಟ್ಟಿ ಒಗೀತಾರಲ್ಲ, ಅಂಥಾದ್ದು. ಹೌದೊ ಅಲ್ಲೊ?”

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿತು. ಆಮೇಲೆ ಅವಳೆಂದಳು, “ನಾನು ಏನೂ ಹೇಳಿಲ್ಲ ಸರ್. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಸ್ಟೇಷನ್ ಹಿಂದಿನ ಗೇಟಿನ ಹತ್ತಿರ ನಿಂತಿರುತ್ತೇನೆ.”

ಮರುದಿನ ಅವಳು ಗಂಡಹೆಂಡತಿ ಇಬ್ಬರನ್ನೂ ಕರೆದೊಯ್ದದ್ದು ಗುತ್ತಿಗೆದಾರನೊಬ್ಬನ ಲಾಂಡ್ರಿಗೆ. ಒಗೆಯಲು ಯಂತ್ರ, ಒಣಗಿಸಲು ಯಂತ್ರ, ಮಡಚಲು ಮಾತ್ರ ಹೆಂಗಸರು. ಹಬೆಯ ನಡುವೆ ಎಂಟು ಹೆಂಗಸರು ಎದುರುಬದುರು ನಿಂತು ಬಿಳಿ ಚಾದರಗಳನ್ನು ಜಗ್ಗಿ ತಟ್ಟುತ್ತಿದ್ದರು. ಹಿಂದಿನ ವರ್ಷ ಪಟ್ಟಿ ಕಟ್ಟಲು ಬಂದವರು ಎಲ್ಲರಿಗೂ ಒಂದೊಂದು ಸ್ಟೀಲ್ ಡಬ್ಬಿ ಕೊಟ್ಟಿದ್ದರೆಂದು ಅವರಿಗೆ ನೆನಪಿತ್ತು. ಐದು ಮಡಿಕೆಗೆ ಕೈಸೋಲುವವರು ಯಾರಾದರೂ ಇದ್ದರೇ ಎಂದು ಸರ್ವಮಂಗಳಾ ಕೇಳಿದ್ದೇ ತಡ, ಮೇಲ್ವಿಚಾರಕ ನಕ್ಕ.

“ಕಸ್ತೂರಿ! ಐದ ಚಾದರ ಮಡಚೂದು, ಕೂಡೂದು. ಮತ್ತ ಐದ, ಮತ್ತ ಕೂಡೂದು. ಎದ್ದ ಕೂಡ್ಲೆ ಎಲ್ಲಾರಿಗಿಂತ ಜೋರ್ ಮಾಡ್ತಿದ್ಲು ನೋಡ್ರಿ, ಅದಕ್ಕ ಸಿಟ್ಟ ಬರ್ತಿತ್ತು. ಶಕ್ತಿ ಇಲ್ಲಂತಲ್ಲ, ಮೈಗಳ್ಳಿ. ಹೋದ ತಿಂಗಳ ಬಿಡಿಸಿದ್ವಿ.”

ಅಲ್ಲಿಂದ ಹಳೇ ಹುಬ್ಬಳ್ಳಿಯ ಒಂದು ಓಣಿಗೆ ಹೋದರು. ಕಸ್ತೂರಿಯ ಗಂಡ ಲಾರಿಯ ಜೊತೆ ತಿಂಗಳಲ್ಲಿ ಇಪ್ಪತ್ತು ದಿನ ಹೊರಗಿರುತ್ತಿದ್ದ. ಮನೆಯಲ್ಲಿ ಅವಳು ಮತ್ತು ಅತ್ತೆ ಗೌರವ್ವ. ಇವರು ಹೋದಾಗ ಕಸ್ತೂರಿ ಗೋಡೆಗೊರಗಿ ರೊಟ್ಟಿ ತಿನ್ನುತ್ತಿದ್ದಳು. ಒಂದು ತುತ್ತು ಅಗಿದು, ನಿಂತು, ಗಲ್ಲಕ್ಕೆ ಕೈ ಆನಿಸಿ ಮತ್ತೆ ಅಗಿಯುತ್ತಿದ್ದಳು. ಮೂವತ್ತೆರಡು ವರ್ಷದವಳ ಎಡಗಣ್ಣಿನ ರೆಪ್ಪೆ ಅರ್ಧ ಮುಚ್ಚಿತ್ತು.

“ದವಾಖಾನಿಯಿಂದ ಬಂದೀರೇನ್ರಿ?” ಅಂದಳು ಗೌರವ್ವ. “ಎರಡ್ ಕಡೆ ತೋರಿಸೇವಿ. ರಕ್ತ ಕಡಿಮಿ ಅಂತ ಗುಳಿಗಿ ಕೊಟ್ರು. ನುಂಗಿದ್ಲು, ಹಂಗ ಇದ್ದಾಳ. ಮುಂಜಾನೆ ಚಂದ ಇರ್ತಾಳ್ರಿ, ಕೆಲಸ ಅಂದಕೂಡ್ಲೆ ನಿದ್ದಿಗಣ್ಣು. ಎರಡು ವರ್ಷಾತು ನೋಡಾಕತ್ತೇನಿ ಈ ಆಟಾನ.”

ಕಸ್ತೂರಿ ಗಲ್ಲಕ್ಕೆ ಕೈ ಆನಿಸಿ ಇನ್ನೊಂದು ತುತ್ತು ಅಗಿದಳು. ಹೇಳಿ ಹೇಳಿ ಬಿಟ್ಟವಳಂತೆ ಇದ್ದಳು.

ಸರ್ವಮಂಗಳಾ ಅವಳ ಎದುರು ನೆಲದ ಮೇಲೆ ಕೂತಳು. “ತಂಗಿ, ಮ್ಯಾಲೆ ತೊಲಿ ನೋಡು. ಕಣ್ಣ ಇಳಿಸಬ್ಯಾಡ.” ಒಂದು ನಿಮಿಷ ಕಳೆಯುವಷ್ಟರಲ್ಲಿ ಎರಡೂ ರೆಪ್ಪೆ ಕೆಳಗಿಳಿದವು. ಎಡಗಣ್ಣು ಪೂರ್ತಿ ಮುಚ್ಚಿತು.

“ನೋಡ್ರಿ, ಮತ್ತ ನಿದ್ದಿ,” ಅಂದಳು ಗೌರವ್ವ.

ಸರ್ವಮಂಗಳಾ ಇಂದುಧರನನ್ನು ಓಣಿಯ ತುದಿಯ ತಂಪುಪಾನೀಯದ ಅಂಗಡಿಗೆ ಓಡಿಸಿದಳು. ಅವನು ತಂದ ಮಂಜುಗಡ್ಡೆಯನ್ನು ಕರವಸ್ತ್ರದಲ್ಲಿ ಸುತ್ತಿ ಕಸ್ತೂರಿಯ ಎಡರೆಪ್ಪೆಯ ಮೇಲೆ ಎರಡು ನಿಮಿಷ ಹಿಡಿದಳು. ತೆಗೆದಾಗ ಆ ಕಣ್ಣು ಅಗಲವಾಗಿ ತೆರೆದಿತ್ತು. ಬಲಗಣ್ಣಿನ ರೆಪ್ಪೆ ಮಾತ್ರ ಇನ್ನೂ ಜೋತಿತ್ತು.

“ನಿದ್ದಿ ಆಗಿದ್ರ ಎರಡೂ ಕಣ್ಣ ಒಂದ ಥರ ಇರಬೇಕಿತ್ತಲ್ಲ ಅವ್ವಾರ?” ಅಂದಳು ಸರ್ವಮಂಗಳಾ. “ಥಂಡಿಗೆ ನರದ ಸುದ್ದಿ ಸ್ವಲ್ಪ ಹೊತ್ತು ಮುಟ್ತದ. ಇದಕ್ಕ ಔಷಧ ಐತಿ. ಈಗಿಂದೀಗ ಹೋಗೂಣು.”

ಗೌರವ್ವ ಸೊಸೆಯ ಮುಖದ ಹತ್ತಿರ ಬಂದು ಆ ಎರಡು ಕಣ್ಣುಗಳನ್ನು ಒಂದಾದ ಮೇಲೊಂದು ನೋಡಿದಳು. ಆಮೇಲೆ ಒಳಗೆ ಹೋಗಿ ಸೀರೆಯ ಚೀಲ ತಂದಳು.

ಅದೇ ದಿನ ಸರ್ವಮಂಗಳಾಳ ಆಸ್ಪತ್ರೆಯಲ್ಲಿ ಕಸ್ತೂರಿಯನ್ನು ಸೇರಿಸಿಕೊಂಡರು. ಪರೀಕ್ಷೆಯ ಪರದೆಯ ಮೇಲೆ ನಾಗಿಯ ಅಲೆಗಳೇ ಮೂಡಿದವು. ಉಸಿರಿನ ಪರೀಕ್ಷೆ ಮಾಡಿದ ವೈದ್ಯರು, ಒಂದು ಸಾಮಾನ್ಯ ನೆಗಡಿ ಬಂದಿದ್ದರೂ ಈಕೆ ಉಸಿರಾಟದ ಯಂತ್ರದ ಮೇಲೆ ಮಲಗಬೇಕಾಗುತ್ತಿತ್ತು ಅಂದರು. ಗುಳಿಗೆ ಶುರುವಾದ ನಾಲ್ಕನೆಯ ದಿನ ಅವಳು ಒಂದು ತಟ್ಟೆ ಅನ್ನವನ್ನು ನಡುವೆ ನಿಲ್ಲಿಸದೆ ಉಂಡಳು. ಹನ್ನೊಂದನೆಯ ದಿನ ಮನೆಗೆ ಹೋದಳು.

ಅಷ್ಟರಲ್ಲಿ ನಿವೇದಿತಾ ಕಂಪನಿಗೆ ಎಲ್ಲವನ್ನೂ ಬರೆದಿದ್ದಳು. ಅವರು ಬಿಡುಗಡೆಯನ್ನು ಇಪ್ಪತ್ತು ದಿನ ಮುಂದೂಡಿ, ನಾಗಿಯನ್ನು ತೆಗೆದುಹಾಕಲು ಹೇಳಿದರು. ನಿವೇದಿತಾಗೆ ಅದು ಸರಿ ಅನ್ನಿಸಲಿಲ್ಲ. ಕೇಳದೆ ಇಟ್ಟ ಹಾಗೆಯೇ ಕೇಳದೆ ತೆಗೆಯುವುದೂ ತಪ್ಪೇ ಎಂದುಕೊಂಡಳು. ಇಂದುಧರ, ಸರ್ವಮಂಗಳಾರನ್ನು ಕರೆದುಕೊಂಡು ಮುಷ್ಟಿಯೊಂದಿಗೆ ಓಣಿಗೆ ಬಂದಳು.

“ಇದರೊಳಗೆ ನಿಮ್ಮ ಕೈಯ ದಣಿವು ಇದೆ ಅಕ್ಕಾ,” ಅಂದಳು. “ಬೇಡ ಅಂದರೆ ತೆಗೆಯುತ್ತೇನೆ. ಇರಲಿ ಅಂದರೆ ಇರುತ್ತದೆ. ನೀವು ಹೇಳಿದ ಹಾಗೆ.”

ಕಸ್ತೂರಿ ಅದನ್ನು ತಿರುಗಿಸಿ ನೋಡಿದಳು. “ಇದನ್ನ ಹಿಡದವ್ರಿಗೆ ನನಗಾದಂಗ ಆಗ್ತದ?”

“ಹೌದು. ನಿಮಗೆ ಮಾತ್ರ ಕಟ್ಟಬಾರದು ಅಂತ ವೈದ್ಯರು ಹೇಳಿದ್ದಾರೆ.”

“ನನಗ್ಯಾಕ್ರಿ? ನನಗ ಗೊತ್ತಿಲ್ಲೇನು?” ಅವಳು ಅತ್ತೆಯ ಕಡೆ ನೋಡಿದಳು. “ಅತ್ತಿ, ನೀವ ಹಿಡೀರಿ.”

ಗೌರವ್ವ ಸೆರಗಿಗೆ ಕೈ ಒರೆಸಿಕೊಂಡಳು. “ನನಗೆಲ್ಲಿ ಬರ್ತದವ್ವ ಇದು?” ಅನ್ನುತ್ತಲೇ ಕೈ ಮುಂದೆ ಮಾಡಿದಳು. ನಿವೇದಿತಾ ಪಟ್ಟಿ ಕಟ್ಟಿದಳು, ಬಾಗಿಲು ಎತ್ತುವುದು ಹೇಗೆಂದು ತೋರಿಸಿದಳು, ನಾಗಿಯ ಹೆಸರು ಹೇಳಿದಳು.

“ನಾಗಿ ಅಂದ್ರ ನಮ್ಮ ಕಡೇದಾಕಿನ?”

“ಅಲ್ಲ ಅಜ್ಜಿ, ಜಪಾನಿನವಳು.”

ಅರವತ್ತು ವರ್ಷ ರೊಟ್ಟಿ ಬಡಿದ, ನೀರು ಹೊತ್ತ ಕೈ ಅದು. ಮೊದಲ ಬಾಗಿಲು ಸರಾಗವಾಗಿ ಎದ್ದಿತು. ಗೌರವ್ವನಿಗೆ ನಗು ಬಂತು. ಎರಡು, ಮೂರು. ಐದನೆಯದಕ್ಕೆ ತೋಳು ಅರ್ಧಕ್ಕೆ ನಿಂತಿತು. ಹಲ್ಲು ಕಚ್ಚಿ ಎತ್ತಿದಳು. ಆರು. ಏಳು. ಎಂಟನೆಯದಕ್ಕೆ ಎರಡೂ ಕೈ ಮಡಿಲಿಗೆ ಬಿದ್ದವು. ಬೆರಳು ಅಲುಗಿಸಲು ನೋಡಿದಳು, ಆಗಲಿಲ್ಲ. ಪರದೆಯ ಮೇಲೆ ನೀರು ಏರುತ್ತಿತ್ತು. ದಳಪತಿ ಕೂಗತೊಡಗಿದ, “ನಾಗಿ, ಏಳು! ನಿನ್ನ ಒಬ್ಬಳಿಂದ ಊರು ಮುಳುಗುತ್ತದೆ!”

“ಏ, ಸುಮ್ನಿರಲೇ!” ಗೌರವ್ವ ಪರದೆಗೆ ಗದರಿದಳು. “ಆಕಿಗೆ ಆಗವಲ್ದು ಅಂತ ಕಾಣಸಂಗಿಲ್ಲೇನ್ ನಿನಗ? ಬೇಕಂತ ಮಾಡಾಕತ್ತಾಳೇನ್ ಆಕಿ?”

ಗೌರವ್ವನ ಬಾಯಿ ತೆರೆದೇ ಇತ್ತು. ತಾನು ಆಡಿದ ಮಾತು ತನಗೇ ಕೇಳಿಸಿದಂತೆ ಅವಳು ನಿಧಾನವಾಗಿ ಸೊಸೆಯ ಕಡೆ ತಿರುಗಿದಳು. ಕಸ್ತೂರಿ ನೆಲ ನೋಡುತ್ತಿದ್ದಳು.

ನಿವೇದಿತಾ ಪಟ್ಟಿ ಬಿಚ್ಚಲು ಬಾಗಿದಳು. ಗೌರವ್ವ ತಲೆಯಾಡಿಸಿದಳು. “ಇರ್ಲಿ. ಇನ್ನ ಸ್ವಲ್ಪ ಇರ್ಲಿ.” ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹಾಗೆಯೇ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಏಳಲಿಲ್ಲ. ಕಸ್ತೂರಿ ಎದ್ದು ತನ್ನ ಸೆರಗಿನಿಂದ ಒರೆಸಿದಳು.

“ತಗೀಬ್ಯಾಡ್ರಿ ಇದನ್ನ,” ಅಂದಳು ಆಮೇಲೆ ನಿವೇದಿತಾಗೆ. “ಆದ್ರ ಇದು ಜಡ್ಡು ಅಂತ ಬರೀರಿ. ಔಷಧ ಐತಿ ಅಂತಾನೂ ಬರೀರಿ.”

ಕಂಪನಿ ಒಪ್ಪಿತು, ಆಟ ಹಾಗೆಯೇ ಹೊರಬಂತು. ನಾಗಿಯ ಅಧ್ಯಾಯ ಮುಗಿದ ಮೇಲೆ ನಾಲ್ಕು ಸಾಲು ಬರುತ್ತಿದ್ದವು, ಕಸ್ತೂರಿ ಒಪ್ಪಿದ ನಾಲ್ಕು ಸಾಲು. ಇಂದುಧರನ ವಿಮರ್ಶೆಯಲ್ಲಿ ಯಂತ್ರಮಾನವರ ಕಾದಾಟ, ಚಿತ್ರದ ಬಣ್ಣ, ಡಬ್ಬಿಂಗಿನ ಕುಂದುಗಳೆಲ್ಲ ಬಂದವು. ನಾಗಿಯ ಬಗ್ಗೆ ಅವನು ನಡೆದದ್ದನ್ನು ನಡೆದಂತೆ ಬರೆದ. ಅಂಕ ಕೊಡಲು ಸಂಪಾದಕರು ಎರಡು ಸಲ ನೆನಪಿಸಿದರು. ಅವನು ಕೊಡಲಿಲ್ಲ, ಅಂಕವಿಲ್ಲದೆಯೇ ಪ್ರಕಟವಾಯಿತು. ಕಸ್ತೂರಿಗೆ ಒಳ್ಳೆಯ ದಿನಗಳೂ ಇದ್ದವು, ಏಳಲಾಗದ ದಿನಗಳೂ ಇದ್ದವು. ಲಾಂಡ್ರಿಗೆ ಅವಳು ಮರಳಲಿಲ್ಲ. ಮನೆಯ ಮುಂದೆ ಕೂತು ಮುಂಜಾನೆ ಹೊತ್ತು ಮಾತ್ರ ಹೊಲಿಗೆ ಹಾಕುತ್ತಿದ್ದಳು.

ಮಾರ್ಚ್ ತಿಂಗಳ ಒಂದು ಸೋಮವಾರ ಸರ್ವಮಂಗಳಾ ಎಂದಿನಂತೆ ಆಸ್ಪತ್ರೆಗೆ ಹೋದಾಗ ಪರೀಕ್ಷೆಯ ಕೋಣೆಯ ಮುಂದಿನ ಬೆಂಚುಗಳು ತುಂಬಿದ್ದವು. ಹಿಂದಿನ ವಾರ ಇಬ್ಬರು ಬಂದಿದ್ದರು, ಅದರ ಹಿಂದಿನ ವಾರ ಒಬ್ಬರು. ಈಗ ಹದಿನಾಲ್ಕು ಜನ. ಕೊಪ್ಪಳದಿಂದ ಬಂದವರು, ಕಾರವಾರದಿಂದ ಬಂದವರು. ನಾಗಿಯ ನಾಲ್ಕು ಸಾಲು ಓದಿ ತಮಗೂ ಇದೇ ಇರಬಹುದೆಂದು ಬಂದಿದ್ದರು, ಕೆಲವರ ಕೈಯಲ್ಲಿ ಮುಷ್ಟಿ ಇತ್ತು. ಎಲ್ಲರಿಗೂ ಇದೇ ಜಡ್ಡು ಇರಲಾರದೆಂದು ಅವಳಿಗೆ ಗೊತ್ತಿತ್ತು. ಇರುವವರು ಯಾರೆಂದು ತಿಳಿಯಲು ಹದಿನಾಲ್ಕು ಜನರನ್ನೂ ನೋಡಬೇಕು, ಯಂತ್ರ ಒಂದೇ. ಮುಂಜಾನೆಯೇ ಅವಳ ಬೆನ್ನು ನೋಯುತ್ತಿತ್ತು.

ಮೊದಲ ಸರದಿ ಗದಗದ ಕಡೆಯ ಒಬ್ಬ ಮುದುಕನದು. ಮೊಮ್ಮಗಳು ಅವನ ರಟ್ಟೆ ಹಿಡಿದು ಒಳಗೆ ತಂದಳು. ಏನಾಗುತ್ತದೆಂದು ಸರ್ವಮಂಗಳಾ ಕೇಳಿದಳು. ಮುದುಕ ಬಾಯಿ ತೆರೆದ, ಮುಚ್ಚಿದ, ಕೈಯಾಡಿಸಿದ. ಆಮೇಲೆ ಮೊಮ್ಮಗಳ ಚೀಲದಿಂದ ಮುಷ್ಟಿಯನ್ನು ತೆಗೆದು ಅವಳ ಕಡೆ ಚಾಚಿದ.

“ಹೇಳಾಕ ಬರವಲ್ದ್ರಿ ಅಕ್ಕಾರ,” ಅಂದ. “ಇದನ್ನ ಸ್ವಲ್ಪ ಹಿಡೀರಿ.”

ಹೊರಗೆ ಹದಿಮೂರು ಜನ ಕಾಯುತ್ತಿದ್ದರು. ಸರ್ವಮಂಗಳಾ ಕುರ್ಚಿ ಎಳೆದುಕೊಂಡು ಅವನ ಎದುರು ಕೂತಳು, ತೋಳು ಮಡಚಿ ಪಟ್ಟಿ ಏರಿಸಿಕೊಂಡಳು.